ಚೌಕ ತೂತಿನ ಮಶೀನು: ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಾರ್ಟಿಸರ್ ಬಳಸೋದು ಹೇಗೆ

ಅವ್ವನಿಗೆ ಒಂದು ಸ್ಟೂಲ್ ಬೇಕಿತ್ತು. ನೆಲದ ಮೇಲೆ ಕೂತು ರೊಟ್ಟಿ ಬಡಿಯೋಕೆ ಈಗ ಮಂಡಿ ಬಿಡೋದಿಲ್ಲ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತರೆ ಬೀಳ್ತೀನಿ ಅನ್ನೋ ಹೆದರಿಕೆ. ಸರಿ, ಸಾಗುವಾನಿಯಲ್ಲಿ ನಾನೇ ಮಾಡ್ತೀನಿ ಅಂತ ಒಂದು ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಉಳಿ, ಕೊಡತಿ ಹಿಡಿದು ಕೂತೆ. ಮೂರನೇ ತೂತು ಮುಗಿಯುವ ಹೊತ್ತಿಗೆ ಬೆಲ್ ಆಯಿತು. ಕೆಳಗಿನ ಮನೆಯ ಆಜಿ. ಕೊಡತಿಯ ಒಂದೊಂದು ಪೆಟ್ಟೂ ಸ್ಲ್ಯಾಬಿನಲ್ಲಿ ಇಳಿದು ಅವರ ಮಲಗುವ ಕೋಣೆಯ ತಲೆಮೇಲೆ ಬೀಳುತ್ತಿತ್ತಂತೆ. ಬೈಯಲಿಲ್ಲ ಪಾಪ. ‘ಅಜೂನ್ ಕಿತೀ ರಾಹಿಲೇತ್?’ ಅಂದರು, ಇನ್ನೂ ಎಷ್ಟು ಉಳಿದಿವೆ ಅಂತ. ಇನ್ನೂ ಹದಿಮೂರು ಉಳಿದಿದ್ದವು. ‘ಝಾಲಂಚ್ ಆಜಿ’, ಮುಗಿದೇ ಹೋಯ್ತು ಅಂತ ಸುಳ್ಳು ಹೇಳಿ ಕಳಿಸಿದೆ.

ಮಾರ್ಟಿಸರ್, ಅಂದರೆ ಮರದಲ್ಲಿ ಚೌಕ ತೂತು ತೋಡುವ ಮಶೀನು, ತಗೊಂಡಿದ್ದು ಆ ಸುಳ್ಳಿನ ಕಾರಣಕ್ಕೆ. ಪುಣೆಯಲ್ಲಿ, ಮುಂಬೈಯಲ್ಲಿ ಫ್ಲ್ಯಾಟಿನೊಳಗೆ ಮರಗೆಲಸ ಮಾಡುವ ನಮ್ಮಂಥವರಿಗೆ ಈ ಮಶೀನಿನ ದೊಡ್ಡ ಗುಣ ವೇಗ ಅಲ್ಲ, ಸದ್ದು ಕಡಿಮೆ ಅನ್ನೋದು. ಮರ ಕೊರೆಯುವ ರೌಟರ್ ಮಶೀನು ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗಿ ಕಿರುಚುತ್ತದೆ. ಮಾರ್ಟಿಸರ್‌ನ ಮೋಟರ್ ಸಾಮಾನ್ಯವಾಗಿ 1400ರ ಆಸುಪಾಸು ತಿರುಗುತ್ತದೆ, ಮಿಕ್ಸರಿಗಿಂತ ಕಡಿಮೆ ಸದ್ದು. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಡಬ್ಬದಿಂದ ತೆಗೆದು, ಪ್ಲಗ್ ಹಾಕಿ, ಹಿಡಿ ಎಳೆದರೆ ಚೌಕ ತೂತು ಬರುತ್ತದೆ ಅಂದುಕೊಂಡರೆ ನನ್ನ ಹಾಗೇ ಮೊದಲ ದಿನವೇ ಒಂದು ಉಳಿ ಸುಟ್ಟುಕೊಳ್ತೀರಿ. ಕೆಲಸದ ಮುಕ್ಕಾಲು ಪಾಲು ಸ್ವಿಚ್ ಹಾಕುವ ಮುಂಚೆಯೇ ಇದೆ.

ಮಾರ್ಟಿಸ್ ಅನ್ನೋ ಪದ ನಿಮಗೆ ಬಾಗಿಲಿನ ಬೀಗದಿಂದ ಗೊತ್ತಿರಬಹುದು. ಮಾರ್ಟಿಸ್ ಲಾಕ್ ಅಂತಾರಲ್ಲ, ಬಾಗಿಲಿನ ದಪ್ಪದೊಳಗೆ ಕುಳಿ ತೋಡಿ ಕೂರಿಸುವ ಬೀಗ. ಆ ಕುಳಿಯೇ ಮಾರ್ಟಿಸ್. ಅದರೊಳಗೆ ಹೋಗಿ ಕೂರುವ ಮರದ ನಾಲಿಗೆ ಟೆನನ್. ಕುರ್ಚಿ, ಮಂಚ, ಕಿಟಕಿ ಚೌಕಟ್ಟು, ಹಳೇ ವಾಡೆಗಳ ತೊಲೆ ಕಂಬ, ಎಲ್ಲ ನಿಂತಿರೋದು ಈ ಕುಳಿ ನಾಲಿಗೆಯ ಮೇಲೆ. ಮುಂದೆ ನಾನು ಕುಳಿ, ನಾಲಿಗೆ ಅಂತಲೇ ಬರೀತೀನಿ.

ಮಶೀನಿನ ಒಳಗುಟ್ಟು

ದುಂಡಗೆ ತಿರುಗುವ ಬೈರಿಗೆ ಚೌಕ ತೂತು ಹೇಗೆ ಕೊರೆಯುತ್ತದೆ ಅಂತ ಎಲ್ಲರೂ ಕೇಳ್ತಾರೆ. ಅದು ಕೊರೆಯೋದಿಲ್ಲ. ಮಶೀನಿನ ಉಳಿ ಒಂದು ಚೌಕ ಕೊಳವೆ. ಒಳಗೆ ಟೊಳ್ಳು, ತುದಿಯಲ್ಲಿ ನಾಲ್ಕು ಕಡೆ ಅಲಗು. ಆ ಟೊಳ್ಳಿನೊಳಗೆ ಬೈರಿಗೆ ಬಿಟ್ ತಿರುಗುತ್ತಿರುತ್ತದೆ. ಬಿಟ್ ನಡುವಿನ ಮರವನ್ನು ದುಂಡಗೆ ತೆಗೆಯುತ್ತದೆ, ಹಿಂದೆಯೇ ಬರುವ ಕೊಳವೆ ಉಳಿದ ನಾಲ್ಕು ಮೂಲೆಗಳನ್ನು ಕೆತ್ತಿ ಕೆಳಗಿಳಿಯುತ್ತದೆ. ಉಳಿ ತಿರುಗೋದೇ ಇಲ್ಲ. ನೀವು ಹಿಡಿ ಎಳೆಯುವ ಬಲವೆಲ್ಲ ಆ ನಾಲ್ಕು ಮೂಲೆ ಕೆತ್ತೋಕೆ ಹೋಗುತ್ತದೆ. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ: ಉಳಿಗೆ ಸಾಣೆ ಯಾಕೆ, ಹಿಡಿ ಅಷ್ಟು ಉದ್ದ ಯಾಕೆ, ಮರ ಮೇಲಕ್ಕೆ ಯಾಕೆ ಎದ್ದು ಬರುತ್ತದೆ, ಎಲ್ಲ.

ಉಳಿಗಳು ಇಂಚಿನ ಲೆಕ್ಕದಲ್ಲಿ ಬರುತ್ತವೆ: ಕಾಲು ಇಂಚು, 5/16, 3/8, ಅರ್ಧ ಇಂಚು. ಇಲ್ಲಿನ ಬಡಗಿಗಳು ‘ಸೂತ್’ ಅಂತಾರೆ, ನಮ್ಮ ಕಡೆ ನೂಲು. ಎರಡೂ ಇಂಚಿನ ಎಂಟನೇ ಒಂದು ಭಾಗ. 3/8 ಅಂದರೆ ಮೂರು ಸೂತ್, ಸುಮಾರು 9.5 ಮಿಲಿಮೀಟರ್. 5/16 ಅಂದರೆ ಎರಡೂವರೆ ಸೂತ್, 8 ಮಿಮೀ ಅಂತ ಹಿಡಿದುಕೊಳ್ಳಿ. ಒಂದೇ ಉಳಿ ಕೊಳ್ಳೋದಾದರೆ ಈ 8ರದ್ದು ಕೊಳ್ಳಿ. ಮನೆಯ ಸ್ಟೂಲ್, ಟೀಪಾಯಿ, ಶೆಲ್ಫಿನ ಚೌಕಟ್ಟಿಗೆಲ್ಲ ಅದು ಸಾಕು. ಅರ್ಧ ಇಂಚಿನ ಉಳಿಯನ್ನು ಹಳೇ ಸಾಗುವಾನಿಯೊಳಗೆ ಇಳಿಸೋಕೆ ಸಣ್ಣ ಮಶೀನಿಗೂ ಕಷ್ಟ, ಭುಜಕ್ಕೂ ಕಷ್ಟ.

ಕೊಳ್ಳುವಾಗ ಉಳಿಯ ಕುತ್ತಿಗೆಯ ದಪ್ಪ ನೋಡಿ. ಮಶೀನಿನ ತೂತಿಗೂ ಉಳಿಯ ಕುತ್ತಿಗೆಗೂ ಹೊಂದದಿದ್ದರೆ ನಡುವೆ ಒಂದು ಬುಶ್, ಅಂದರೆ ಸಂದು ತುಂಬುವ ಲೋಹದ ಬಳೆ, ಬೇಕಾಗುತ್ತದೆ. ಹಾಳೆಯ ಮೇಲೆ ಬರೆದ ಅಳತೆ ನಂಬಬೇಡಿ, ವರ್ನಿಯರ್ ಹಿಡಿದು ಅಳೆಯಿರಿ. ಪುಣೆಯವರು ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ, ಮುಂಬೈಯವರು ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಒಂದು ಸುತ್ತು ಹಾಕಿ ವಿಚಾರಿಸಿ. ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಸುಖ ಆನ್‌ಲೈನಿನಲ್ಲಿ ಇಲ್ಲ.

ಡ್ರಿಲ್ ಪ್ರೆಸ್, ಅಂದರೆ ಕಂಬಕ್ಕೆ ಕೂರಿಸಿದ ಡ್ರಿಲ್ ಮಶೀನು, ಇದ್ದವರಿಗೆ ಅದಕ್ಕೇ ಹಾಕುವ ಅಟ್ಯಾಚ್‌ಮೆಂಟ್ ಸಿಗುತ್ತದೆ. ಅಗ್ಗ. ವರ್ಷಕ್ಕೊಂದು ಸ್ಟೂಲ್ ಮಾಡುವವರಿಗೆ ನಡೆಯುತ್ತದೆ. ಆದರೆ ಡ್ರಿಲ್ ಪ್ರೆಸ್ಸಿನ ಹಿಡಿ ತೂತು ಕೊರೆಯೋಕೆ ಮಾಡಿದ್ದು, ಉಳಿ ಒತ್ತೋಕೆ ಅಲ್ಲ. ಗಟ್ಟಿ ಮರ ಸಿಕ್ಕರೆ ಮೇಜೇ ಬಾಗುತ್ತದೆ. ಪ್ರತಿ ಸಲ ಕಟ್ಟಿ ಬಿಚ್ಚಿ ಹೊಂದಿಸುವ ಹೊತ್ತಿಗೆ ಚಹಾ ಎರಡು ಸಲ ಆಗಿರುತ್ತದೆ. ಇನ್ನು ನಿಮಗೆ ಬೇಕಾಗಿರೋದು ನಾಲ್ಕೇ ಕುಳಿ ಅಂದರೆ ಏನನ್ನೂ ಕೊಳ್ಳಬೇಡಿ. ಡ್ರಿಲ್ಲಿನಲ್ಲಿ ಸಾಲಾಗಿ ತೂತು ಕೊರೆದು, ಉಳಿಯಿಂದ ಕೈಯಲ್ಲೇ ಒತ್ತಿ ಚೌಕ ಮಾಡಿ. ಮುಗೀತು.

ಮೊದಲ ದಿನದ ಹೊಗೆ

ಮಶೀನು ಬಂದ ದಿನ ನಾನು ಮಾಡಿದ್ದು ಇಷ್ಟು: ಬಿಟ್ಟನ್ನು ಉಳಿಯೊಳಗೆ ತೂರಿಸಿದೆ, ಎರಡನ್ನೂ ಮೇಲಕ್ಕೆ ಒತ್ತಿ ಬಿಗಿ ಮಾಡಿದೆ, ಸ್ವಿಚ್ ಹಾಕಿದೆ. ಕೀಂಯ್ ಅಂತ ಸದ್ದು. ಹೊಸದಲ್ವಾ, ಹಾಗೇ ಇರಬೇಕು ಅಂದುಕೊಂಡು ಮರದೊಳಗೆ ಇಳಿಸಿದೆ. ಅರ್ಧ ಇಂಚು ಹೋಗುವಷ್ಟರಲ್ಲಿ ಹೊಗೆ. ಎತ್ತಿ ನೋಡಿದರೆ ಉಳಿಯ ತುದಿ ನವಿಲಿನ ಕತ್ತಿನ ಹಾಗೆ ನೀಲಿ. ಉಕ್ಕು ನೀಲಿಯಾಯಿತು ಅಂದರೆ ಅದರ ಹದ ಹೋಯಿತು ಅಂತ ಅರ್ಥ. ಆಮೇಲೆ ಎಷ್ಟು ಸಾಣೆ ಹಿಡಿದರೂ ಅಲಗು ನಿಲ್ಲೋದಿಲ್ಲ.

ನಮ್ಮ ಓಣಿಯಲ್ಲಿ ವಿಜಯಪುರ ಕಡೆಯ ಬಡಗಿ ಕಾಕಾ ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಪುಣೆಯಲ್ಲೇ ಕೆಲಸ. ಉಳಿ ತೋರಿಸಿದೆ. ಬೆರಳಿನಿಂದ ಅಲಗು ಮುಟ್ಟಿ ನೋಡಿ, ‘ಅಲ್ಲೋ ತಮ್ಮಾ, ಇದಕ್ಕ ಸಾಣಿ ಯಾರ್ ಹಿಡೀಬೇಕು, ನಿಮ್ಮಪ್ಪ ಬರ್ತಾನೇನು?’ ಅಂದರು. ಹೊಸ ಉಳಿಗೆ ಸಾಣೆ ಬೇಕು ಅನ್ನೋದೇ ನನಗೆ ಹೊಳೆದಿರಲಿಲ್ಲ.

ಹೊಸ ಉಳಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಹೊರಗಿನ ನಾಲ್ಕು ಮುಖಗಳಲ್ಲೂ ಕಾರ್ಖಾನೆಯ ಗ್ರೈಂಡಿಂಗ್ ಗೆರೆ ಇರುತ್ತದೆ. ಆ ಗೆರೆಗಳೇ ಮರಕ್ಕೆ ಉಜ್ಜಿ ಬಿಸಿಯಾಗೋದು. ನುಣ್ಣನೆ ಸಾಣೆಕಲ್ಲಿನ ಮೇಲೆ ಒಂದೊಂದು ಮುಖವನ್ನೂ ಚಪ್ಪಟೆ ಇಟ್ಟು ಉಜ್ಜಿ, ಗೆರೆ ಮಾಸಿ ಹೊಳಪು ಬಂದರೆ ಸಾಕು. ಜಾಸ್ತಿ ಬೇಡ. ಜಾಸ್ತಿ ಉಜ್ಜಿದರೆ ಉಳಿಯ ಅಳತೆಯೇ ಕಡಿಮೆಯಾಗುತ್ತದೆ. ತುದಿ ಎತ್ತಿ ಓರೆಯಾಗಿ ಉಜ್ಜಬೇಡಿ, ಹೊರಗಡೆ ಓರೆ ಬಂದರೆ ಉಳಿ ಮರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲಗು ಮಾಡಬೇಕಾದದ್ದು ಒಳಗಿನಿಂದ. ಅದಕ್ಕೆ ಶಂಖಾಕಾರದ ಸಣ್ಣ ಸಾಣೆ ಸಿಗುತ್ತದೆ, ಉಳಿಯ ಬಾಯೊಳಗೆ ಇಟ್ಟು ಕೈಯಲ್ಲಿ ನಾಲ್ಕೈದು ಸುತ್ತು ತಿರುಗಿಸೋದು. ನಾಲ್ಕು ಮೂಲೆಗಳು ಚುಚ್ಚುವಷ್ಟು ಚೂಪಾಗಬೇಕು. ಮೂಲೆಗೆ ಸಾಣೆ ತಲುಪದಿದ್ದರೆ ತ್ರಿಕೋನದ ಸೂಜಿ ಅರದಿಂದ ಮೆಲ್ಲಗೆ ಎಳೆಯಿರಿ. ಬಿಟ್ಟಿನ ಅಲಗಿಗೂ ಅದೇ ಅರದಿಂದ ಎರಡು ಎಳೆ. ಅದರ ಹೊರ ಅಂಚು ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಬಿಟ್ ಕೊರೆಯುವ ತೂತು ಸಣ್ಣದಾಗುತ್ತದೆ.

ಸಾಗುವಾನಿಯಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನ ಅಂಶ. ಅಲಗು ಬೇಗ ಮೊಂಡಾಗುತ್ತದೆ. ನಾನು ನಾಲ್ಕು ಕುಳಿಗೊಮ್ಮೆ ನಿಲ್ಲಿಸಿ ಒಳಗೊಂದು ಸುತ್ತು ಸಾಣೆ ಹಿಡೀತೀನಿ.

ಒಂದು ರೂಪಾಯಿಯ ಲೆಕ್ಕ

ಆ ಕೀಂಯ್ ಸದ್ದಿಗೆ ಕಾರಣ ಬೇರೆ. ಬಿಟ್ಟಿನ ತಲೆ, ಅಂದರೆ ಕೆಳತುದಿಯ ಅಗಲ ಅಲಗು, ಉಳಿಯ ಒಳಮೈಗೆ ಉಜ್ಜುತ್ತಿತ್ತು. ಲೋಹಕ್ಕೆ ಲೋಹ. ಎರಡರ ನಡುವೆ ಚೂರು ಜಾಗ ಬೇಕು, ಸುಮಾರು ಒಂದರಿಂದ ಒಂದೂವರೆ ಮಿಮೀ. ಇದಕ್ಕೆ ಒಂದು ರೂಪಾಯಿ ನಾಣ್ಯ ಸಾಕು.

ಮೊದಲು ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಅಲ್ಲ, ಪ್ಲಗ್ಗೇ ಕೈಗೆ ಬರಬೇಕು. ಉಳಿಯನ್ನು ಅದರ ಜಾಗಕ್ಕೆ ತೂರಿಸಿ, ಉಳಿಯ ಭುಜಕ್ಕೂ (ಕುತ್ತಿಗೆಯ ಬುಡದ ಅಗಲ ಅಂಚು) ಮಶೀನಿಗೂ ನಡುವೆ ನಾಣ್ಯ ಇಟ್ಟು, ಉಳಿಯ ಸ್ಕ್ರೂವನ್ನು ಸುಮ್ನೆ ನಿಲ್ಲುವಷ್ಟು ಬಿಗಿ ಮಾಡಿ. ಈಗ ಬಿಟ್ಟನ್ನು ಕೆಳಗಿನಿಂದ ತೂರಿಸಿ, ಅದರ ತಲೆ ಉಳಿಗೆ ತಾಗುವವರೆಗೆ ಮೇಲಕ್ಕೆ ಒತ್ತಿ ಹಿಡಿದು, ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ ಬಿಗಿ ಮಾಡಿ. ತುದಿ ಚೂಪು, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಆಮೇಲೆ ಉಳಿಯ ಸ್ಕ್ರೂ ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಪೂರ್ತಿ ಮೇಲಕ್ಕೆ ಏರಿಸಿ ಭದ್ರ ಮಾಡಿ. ಈಗ ಬಿಟ್ಟು ಉಳಿಗಿಂತ ನಾಣ್ಯದಷ್ಟು ಕೆಳಗಿದೆ. ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಎಲ್ಲೂ ಕರಕರ ಅನ್ನಬಾರದು. ಅರ್ಧ ಇಂಚಿನ ಉಳಿಗೆ ಇನ್ನೂ ಸ್ವಲ್ಪ ಜಾಸ್ತಿ ಜಾಗ ಬಿಡಿ, ದೊಡ್ಡ ಬಿಟ್ಟಿಗೆ ದೊಡ್ಡ ಚಕ್ಕೆ ಬರುತ್ತದೆ.

ಚಕ್ ಬಿಗಿ ಮಾಡುವ ಕೀ ಎಲ್ಲಿದೆ ಅಂತ ನೋಡಿಕೊಂಡೇ ಪ್ಲಗ್ ಹಾಕಿ. ಚಕ್ಕಿನಲ್ಲೇ ಮರೆತು ಸ್ವಿಚ್ ಹಾಕಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ನಾನು ಪ್ಲಗ್ಗಿನ ತಂತಿಗೆ ಒಂದು ಕೆಂಪು ದಾರ ಕಟ್ಟಿ, ಕೀಯನ್ನು ಅದಕ್ಕೇ ಜೋತುಬಿಡ್ತೀನಿ. ಪ್ಲಗ್ ಹಾಕೋಕೆ ಹೋದರೆ ಖಾಲಿ ದಾರ ಕಾಣಿಸಿ ನೆನಪಾಗುತ್ತದೆ.

ಉಳಿ ಸೊಟ್ಟಗಿದ್ದರೆ

ಚೌಕ ಉಳಿ ಬೇಲಿಗೆ ಸರಿಯಾಗಿ ಸಮಾನಾಂತರ ನಿಲ್ಲಬೇಕು. ಬೇಲಿ ಅಂದರೆ ಮಶೀನಿನ ಹಿಂದಿರುವ ಫೆನ್ಸ್, ಮರ ಒರಗಿ ನಿಲ್ಲುವ ಗೋಡೆ. ಉಳಿ ಒಂದು ಚೂರು ತಿರುಗಿದ್ದರೂ ಪಕ್ಕಪಕ್ಕದ ತೂತುಗಳು ಒಂದೇ ಗೆರೆಯಲ್ಲಿ ಬರದೆ ಕುಳಿಯ ಗೋಡೆ ಗರಗಸದ ಹಲ್ಲಿನ ಹಾಗೆ ಆಗುತ್ತದೆ.

ಮೂಲೆಮಟ್ಟದ ಒಂದು ಬದಿ ಬೇಲಿಗೆ, ಇನ್ನೊಂದು ಬದಿ ಉಳಿಯ ಪಕ್ಕದ ಮುಖಕ್ಕೆ ಒತ್ತಿ ನೋಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಬೆಳಕಿನ ಗೆರೆ ಕಾಣಬಾರದು. ಸರಿ ಕಂಡರೂ ಅಷ್ಟಕ್ಕೇ ನಂಬಬೇಡಿ. ಒಂದು ರದ್ದಿ ಮರದ ತುಂಡನ್ನು ಬೇಲಿಗೆ ಒತ್ತಿಟ್ಟು, ಮೋಟರ್ ಹಾಕದೆ, ಉಳಿಯನ್ನು ಮರಕ್ಕೆ ಅಚ್ಚು ಬೀಳುವಷ್ಟು ಒತ್ತಿ. ಮರ ಜರುಗಿಸಿ, ಪಕ್ಕದಲ್ಲೇ ಇನ್ನೊಂದು ಅಚ್ಚು. ಇನ್ನೊಂದು. ನಾಲ್ಕು ಅಚ್ಚುಗಳ ಅಂಚು ಒಂದೇ ನೇರ ಗೆರೆಯಾದರೆ ಸರಿ. ಮೆಟ್ಟಿಲು ಮೆಟ್ಟಿಲಾದರೆ ಉಳಿ ಚೂರು ತಿರುಗಿಸಿ ಮತ್ತೆ ನೋಡಿ. ಬೇಸರದ ಕೆಲಸ ನಿಜ. ಹತ್ತು ನಿಮಿಷ ಹಿಡಿಯುತ್ತದೆ. ಈ ಹತ್ತು ನಿಮಿಷ ಉಳಿಸಿದವರು ಆಮೇಲೆ ಹದಿನಾರು ನಾಲಿಗೆ ಕೆತ್ತುವಾಗ ಎರಡು ತಾಸು ಕಳೆದುಕೊಳ್ತಾರೆ. ಕಳೆದುಕೊಂಡಿದ್ದೀನಿ.

ಉಳಿಯ ಒಂದು ಮುಖದಲ್ಲಿ ಉದ್ದ ಕಿಟಕಿ ಇರುತ್ತದೆ, ಚಕ್ಕೆ ಹೊರಬೀಳೋಕೆ. ಆ ಕಿಟಕಿ ನಿಮ್ಮ ಕಡೆಗೋ ಬೇಲಿಯ ಕಡೆಗೋ ಇರಬಾರದು, ಎಡಕ್ಕೋ ಬಲಕ್ಕೋ ಇರಲಿ. ಆಗ ಚಕ್ಕೆ ಆಗಲೇ ಕೊರೆದ ಜಾಗಕ್ಕೆ ಬೀಳುತ್ತದೆ. ಚಕ್ಕೆ ಬಿಸಿ ಇರುತ್ತದೆ, ಮುಂಗೈಗೆ ಬಿದ್ದರೆ ಒಗ್ಗರಣೆ ಸಾಸಿವೆ ಸಿಡಿದ ಹಾಗೆ.

ಸ್ಟೂಲಿನ ಅಳತೆ

ಈಗ ಅವ್ವನ ಸ್ಟೂಲಿಗೇ ಬರ್ತೀನಿ. ಕಾಲುಗಳು 45 ಮಿಮೀ ಚೌಕ. ಮೇಲಿನ ನಾಲ್ಕು ಅಡ್ಡಪಟ್ಟಿಗಳು 22 ದಪ್ಪ, 70 ಅಗಲ. ಕೆಳಗಿನ ನಾಲ್ಕು 35 ಅಗಲ. ಎಂಟು ಪಟ್ಟಿ, ಎರಡೆರಡು ತುದಿ, ಒಟ್ಟು ಹದಿನಾರು ಕುಳಿ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಅನ್ನೋದು ಹಳೇ ಲೆಕ್ಕ. 22ರಲ್ಲಿ ಅದು ಏಳು ಚಿಲ್ಲರೆ, ಹಾಗಾಗಿ 8ರ ಉಳಿ.

ಬೇಲಿಯಿಂದ ಉಳಿಯ ಹತ್ತಿರದ ಮುಖಕ್ಕೆ 12 ಮಿಮೀ ಇಟ್ಟೆ. ನಾಲಿಗೆ ಪಟ್ಟಿಯ ನಡುವೆ ಇರುವುದರಿಂದ ಅದರ ಎರಡೂ ಕಡೆ 7 ಮಿಮೀ ಭುಜ, ಅಂದರೆ ಪಟ್ಟಿಯಲ್ಲಿ ನಾಲಿಗೆಯ ಬುಡದ ಪಕ್ಕ ಉಳಿಯುವ ಅಂಚು. ಅಂದರೆ ಜೋಡಿಸಿದ ಮೇಲೆ ಪಟ್ಟಿ ಕಾಲಿನ ಹೊರಮೈಯಿಂದ 5 ಮಿಮೀ ಒಳಗೆ ನಿಲ್ಲುತ್ತದೆ. ಹಾಗೆ ಒಳಗೆ ನಿಂತರೆ ಚೆಂದ, ಜೊತೆಗೆ ಅರ್ಧ ಮಿಲಿಮೀಟರ್ ತಪ್ಪು ಯಾರ ಕಣ್ಣಿಗೂ ಬೀಳೋದಿಲ್ಲ.

ಪ್ರತಿ ಕಾಲಿನ ಎರಡು ಹೊರಮೈಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬೇಲಿಗೆ ಒರಗಬೇಕಾದದ್ದು ಯಾವಾಗಲೂ ಹೊರಮೈಯೇ. ನಿಮ್ಮ ಉಳಿ ಕಾಲಿನ ನಟ್ಟನಡುವೆ ಇಲ್ಲದಿದ್ದರೂ ಪರವಾಗಿಲ್ಲ, ಎಲ್ಲದರಲ್ಲೂ ಒಂದೇ ಕಡೆ ಇದ್ದರೆ ಸಾಕು. ಒಂದು ಕಾಲನ್ನು ತಪ್ಪಿ ತಿರುಗಿಸಿ ಇಟ್ಟರೆ ಆ ಕಾಲು ಒಲೆಗೆ.

ಕಾಲಿನ ಮೇಲ್ತುದಿ 20 ಮಿಮೀ ಉದ್ದ ಜಾಸ್ತಿ ಇರಲಿ. ತುದಿಯ ಹತ್ತಿರ ಕುಳಿ ತೋಡುವಾಗ ಉಳಿ ಬೆಣೆಯ ಹಾಗೆ ಒತ್ತಿ ಮರ ಸೀಳಬಹುದು, ಈ ಹೆಚ್ಚಿನ ತುಂಡು ಅದನ್ನು ತಡೆಯುತ್ತದೆ. ಕೊನೆಗೆ ಗರಗಸದಲ್ಲಿ ಕತ್ತರಿಸಿ ಹಾಕಿ.

ಆಳ 30 ಮಿಮೀ. ಇಲ್ಲೊಂದು ಸಂಗತಿ ಇದೆ. ಅಕ್ಕಪಕ್ಕದ ಎರಡು ಮುಖಗಳಿಂದ ಬರುವ ಕುಳಿಗಳು ಈ ಅಳತೆಯಲ್ಲಿ 25 ದಾಟಿದ ಮೇಲೆ ಕಾಲಿನೊಳಗೆ ಒಂದಕ್ಕೊಂದು ಒಡೆದುಕೊಳ್ಳುತ್ತವೆ. ಗಾಬರಿ ಬೇಡ. ನಾಲಿಗೆಗಳ ತುದಿಯನ್ನು ಓರೆ ಕತ್ತರಿಸಿದರೆ ಎರಡೂ ಒಳಗೆ ಮೂಲೆಗೆ ಮೂಲೆ ಸೇರಿ ಕೂರುತ್ತವೆ. ಎರಡನೇ ಕುಳಿ ಒಡೆಯುವ ಹೊತ್ತಿಗೆ ಮಾತ್ರ ಹಿಡಿ ನಿಧಾನ ಮಾಡಿ, ಒಳಗೆ ಸಿಬರು ಏಳುತ್ತದೆ. ಆಳದ ಸ್ಟಾಪರ್ ಹೊಂದಿಸುವಾಗ ಉಳಿಯ ಮೂಲೆಯನ್ನು ಗೆರೆಗೆ ಹಿಡಿಯಿರಿ, ಬಿಟ್ಟಿನ ಮೊನೆಯನ್ನಲ್ಲ. ಮೊನೆ ಹೇಗೂ ಇನ್ನಷ್ಟು ಕೆಳಗೆ ಹೋಗಿರುತ್ತದೆ. ನಾಲಿಗೆ 28 ಸಾಕು. ಉಳಿದ ಎರಡು ಮಿಮೀ ಅಂಟಿಗೂ ಕಸಕ್ಕೂ.

ಕೊರೆಯುವ ಕ್ರಮ

ಮೊದಲ ದಿನ ನಾನು ಒಂದು ತುದಿಯಿಂದ ಶುರುಮಾಡಿ, ಅರ್ಧರ್ಧ ಉಳಿ ಜರುಗಿಸುತ್ತಾ ಹೋಗಿದ್ದೆ. ಹಾಗೆ ಮಾಡಬೇಡಿ. ಉಳಿಯ ಒಂದು ಕಡೆ ಮರ, ಇನ್ನೊಂದು ಕಡೆ ಖಾಲಿ ಇದ್ದರೆ ಅದು ಖಾಲಿ ಕಡೆಗೆ ವಾಲುತ್ತದೆ. ಮೇಲೆ ಸರಿಯಾಗಿ ಕಾಣುವ ಕುಳಿ ಕೆಳಗೆ ಹೋಗುತ್ತಾ ಸೊಟ್ಟ. ಬಿಟ್ಟು ಉಳಿಗೆ ಉಜ್ಜುತ್ತದೆ, ಮತ್ತೆ ಹೊಗೆ. ಉಳಿಗೆ ಎರಡೂ ಕಡೆ ಸಮ ಇರಬೇಕು, ಎರಡೂ ಕಡೆ ಮರ ಅಥವಾ ಎರಡೂ ಕಡೆ ಖಾಲಿ.

ಮೇಲಿನ ಪಟ್ಟಿಯ ಕುಳಿ 50 ಮಿಮೀ ಉದ್ದ ಅಂದುಕೊಳ್ಳಿ. ಮೊದಲು ಒಂದು ತುದಿಯಲ್ಲಿ 8ರ ತೂತು. ಆಮೇಲೆ ಇನ್ನೊಂದು ತುದಿಯಲ್ಲಿ. ನಡುವೆ ಎರಡು ತೂತು, ಪ್ರತಿ ಎರಡು ತೂತಿನ ನಡುವೆ 6 ಮಿಮೀ ಮರ ಬಿಟ್ಟು. ನಾಲ್ಕು ತೂತು 32, ಮೂರು ಗೋಡೆ 18, ಒಟ್ಟು 50. ಸರಿಯಾಯ್ತಲ್ಲ. ಈಗ ಆ ಮೂರು ಗೋಡೆಗಳ ಮೇಲೆ ಉಳಿಯನ್ನು ನಡುವಿಗೆ ಹಿಡಿದು ಒಂದೊಂದಾಗಿ ಉರುಳಿಸಿ. ಗೋಡೆ ಉಳಿಗಿಂತ ತೆಳು, ಎರಡೂ ಕಡೆ ಸಮನಾಗಿ ಖಾಲಿ, ಉಳಿ ನೇರ ಇಳಿಯುತ್ತದೆ. ಕೆಳಗಿನ ಪಟ್ಟಿಗೆ 22ರ ಕುಳಿ, ಎರಡು ತೂತು ಒಂದು ಗೋಡೆ. ನಿಮ್ಮ ಕುಳಿಯ ಉದ್ದವನ್ನು ಉಳಿಯ ಲೆಕ್ಕಕ್ಕೆ ಹೀಗೆ ಹೊಂದಿಸಿಕೊಂಡೇ ಚಿತ್ರ ಬರೆದರೆ ಸುಖ. ಇಡೀ ಸ್ಟೂಲಿಗೆ ಲೆಕ್ಕ ಹಾಕಿ ನೋಡಿದೆ, ಹಿಡಿಯನ್ನು 80 ಸಲ ಎಳೆಯಬೇಕು.

ಎಳೆಯುವ ರೀತಿ ಮಾತಿನಲ್ಲಿ ಹೇಳೋದು ಕಷ್ಟ, ಆದರೂ. ಮೆಲ್ಲಗೆ ಮುದ್ದು ಮಾಡಿದ ಹಾಗೆ ಇಳಿಸಿದರೆ ಅಲಗು ಕೆತ್ತದೆ ಉಜ್ಜುತ್ತದೆ, ಬಿಸಿಯಾಗುತ್ತದೆ. ಜೋತುಬಿದ್ದರೆ ಮೋಟರ್ ಹೂಂಗುಟ್ಟಿ ನಿಲ್ಲುತ್ತದೆ. ಒಂದೇ ಸಮನೆ, ಗಟ್ಟಿಯಾಗಿ, ಮರ ಕರ್ ಕರ್ ಅಂತ ಕೆತ್ತುವ ಸದ್ದು ಕೇಳುವಷ್ಟು ಎಳೆಯಿರಿ. ಹತ್ತು ಹನ್ನೆರಡು ಮಿಮೀ ಇಳಿದ ಮೇಲೆ ಎತ್ತಿ ಚಕ್ಕೆ ಬೀಳಿಸಿ, ಮತ್ತೆ ಇಳಿಸಿ. ಮೊದಲ ತೂತಿನಲ್ಲಿ ಚಕ್ಕೆಗೆ ಹೋಗೋಕೆ ದಾರಿಯೇ ಇರೋದಿಲ್ಲ, ಅಲ್ಲಿ ಜಾಸ್ತಿ ಸಲ ಎತ್ತಿ. ಚಕ್ಕೆ ಸುರುಳಿಯಾಗಿ ಬರುತ್ತಿದ್ದರೆ ಎಲ್ಲ ಚೆನ್ನಾಗಿದೆ. ಕಂದು ಪುಡಿ ಬರುತ್ತಿದ್ದರೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಸಾಣೆ. ಉಳಿಯ ಹೊರಮೈಗೆ ಆಗಾಗ ಮೇಣದ ಬತ್ತಿ ಉಜ್ಜಿ, ಸಲೀಸಾಗಿ ಇಳಿಯುತ್ತದೆ. ಎಣ್ಣೆ ಬೇಡ, ಕುಳಿಯೊಳಗೆ ಎಣ್ಣೆ ಹೋದರೆ ಅಂಟು ಹಿಡಿಯೋದಿಲ್ಲ.

ಉಳಿ ಮೇಲೆ ಬರುವಾಗ ಮರವನ್ನೂ ಜೊತೆಗೆ ಎತ್ತಿಕೊಂಡು ಬರುತ್ತದೆ, ನಾಲ್ಕೂ ಕಡೆ ಬಿಗಿಯಾಗಿ ಹಿಡಿದಿರುತ್ತದಲ್ಲ. ಅದಕ್ಕೇ ಮರದ ಮೇಲೆ ಒಂದು ತಡೆಕೊಂಬು ಇರೋದು. ಅದನ್ನು ಮರಕ್ಕೆ ತಾಗಿಯೂ ತಾಗದ ಹಾಗೆ ಇಳಿಸಿ ಭದ್ರ ಮಾಡಿ, ಮರ ಪಕ್ಕಕ್ಕೆ ಜರುಗಬೇಕು, ಮೇಲೆ ಏಳಬಾರದು. ಕೈಯಲ್ಲಿ ಒತ್ತಿ ಹಿಡಿದರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಬೆರಳಿಗೂ ಉಳಿಗೂ ಒಂದು ಗೇಣು ದೂರ ಇರಲಿ. ಕೈಗವಸು ಬೇಡ, ತಿರುಗುವ ಚಕ್ಕಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ತೋಳು ಮಡಚಿ, ಕನ್ನಡಕ ಹಾಕಿ. ಸಾಗುವಾನಿ ಪುಡಿಗೆ ನನಗೆ ಮೂಗು ಸೋರುತ್ತದೆ, ಹಾಗಾಗಿ ಮಾಸ್ಕ್ ಕೂಡ.

ಆರುಪಾರು ಹೋಗುವ ಕುಳಿಯಾದರೆ ಎರಡೂ ಕಡೆ ಗೆರೆ ಹಾಕಿ, ಅರ್ಧ ಒಂದು ಕಡೆಯಿಂದ, ಉಳಿದರ್ಧ ಇನ್ನೊಂದು ಕಡೆಯಿಂದ. ತಿರುಗಿಸಿದಾಗಲೂ ಅದೇ ಮುಖ ಬೇಲಿಗೆ. ಒಂದೇ ಕಡೆಯಿಂದ ತೂರಿಸಿದರೆ ಆಚೆ ಬದಿಯ ಮರ ಸಿಡಿಯುತ್ತದೆ.

ಮರದ ವಿಷಯ

ಪುಣೆಯ ಪೇಠೆಗಳಲ್ಲಿ ಹಳೇ ವಾಡೆ ಕೆಡವಿದಾಗ ತೊಲೆ, ಬಾಗಿಲು, ಕಂಬ ಮಾರಾಟಕ್ಕೆ ಬರುತ್ತವೆ. ನೂರಾರು ಮಳೆಗಾಲ ಕಂಡು ಒಣಗಿದ ಸಾಗುವಾನಿ ಅದು, ಅಂಥದ್ದು ಹೊಸದಾಗಿ ಸಿಗೋದಿಲ್ಲ. ಆದರೆ ಒಳಗೆ ಮೊಳೆ ಇರುತ್ತದೆ. ತಲೆ ಮುರಿದು, ಮೇಲೆ ಬಣ್ಣ ಕೂತು, ಕಣ್ಣಿಗೆ ಕಾಣೋದೇ ಇಲ್ಲ. ಕಾಕಾ ಒಂದು ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೇಲೆ ತೂಗುಬಿಡ್ತಾರೆ. ಅದು ಎಲ್ಲಿ ಓಲುತ್ತದೋ ಅಲ್ಲಿ ಮೊಳೆ. ನಾನು ನಾಲ್ಕು ಕಾಲು ಹೀಗೆ ನೋಡಿದಾಗ ಎರಡು ಮೊಳೆ ಸಿಕ್ಕವು, ಒಂದು ಸರಿಯಾಗಿ ಕುಳಿಯ ಗೆರೆಯ ಮೇಲೆ.

ಹೊಸ ಮರಕ್ಕೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಇದೆ. ಮುಂಬೈಯವರಿಗೆ ರೇ ರೋಡ್. ಪೈನ್ ಮರ ಮೆತ್ತಗೆ, ಕಲಿಯೋಕೆ ಅಗ್ಗ, ಆದರೆ ಮೊಂಡು ಉಳಿಗೆ ಕೆತ್ತಿಸಿಕೊಳ್ಳದೆ ಹಿಚುಕಿಕೊಂಡು ಹರಿಯುತ್ತದೆ. ಗೋವಾದ ಕಡೆ, ನಮ್ಮ ಕರಾವಳಿಯ ಕಡೆ ಹಲಸು ಸಿಕ್ಕರೆ ಬಿಡಬೇಡಿ, ಉಳಿಗೆ ಒಳ್ಳೆ ಮರ. ಪ್ಲೈವುಡ್ಡಿಗೆ ಈ ಮಶೀನು ತಾಗಿಸಲೇಬೇಡಿ, ಅದರೊಳಗಿನ ಅಂಟು ಅಲಗನ್ನು ಒಂದೇ ದಿನಕ್ಕೆ ತಿಂದುಹಾಕುತ್ತದೆ, ಮೇಲಾಗಿ ಪದರ ಪದರದ ಕುಳಿಗೆ ಬಲವೂ ಇಲ್ಲ.

ಮಳೆಗಾಲದಲ್ಲಿ ತಂದ ಮರಕ್ಕೆ ಆತುರ ಮಾಡಬೇಡಿ. ಜುಲೈಯ ತೇವದಲ್ಲಿ ಬಿಗಿಯಾಗಿ ಕೂತ ನಾಲಿಗೆ ಏಪ್ರಿಲಿನ ಒಣ ಗಾಳಿಗೆ ಕುಗ್ಗಿ ಲೊಡಲೊಡ ಅನ್ನುತ್ತದೆ. ಮನೆಯೊಳಗೆ, ಕೆಳಗೆ ತುಂಡು ಇಟ್ಟು ಗಾಳಿಯಾಡುವ ಹಾಗೆ ಕೆಲವು ವಾರ ಬಿಡಿ.

ನಾಲಿಗೆ ಕೂರಿಸೋದು

ಕುಳಿ ಮೊದಲು, ನಾಲಿಗೆ ಆಮೇಲೆ. ಉಳಿಯ ಅಗಲ ಬದಲಾಗೋದಿಲ್ಲ, ನಾಲಿಗೆಯನ್ನು ಕೀಸಿ ಸರಿಮಾಡಬಹುದು. ಒಂದೆರಡು ಎಳೆ ದಪ್ಪವಾಗಿಯೇ ಕತ್ತರಿಸಿ, ಕೀಸುತ್ತಾ ನೋಡುತ್ತಾ ಬನ್ನಿ. ಕೈಯಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಕೊಡತಿ ಬೇಕಾಯಿತು ಅಂದರೆ ಬಿಗಿ ಜಾಸ್ತಿ. ಹಾಗೇ ಬಡಿದರೆ ಕಾಲು ಸೀಳುತ್ತದೆ, ಆಜಿಯೂ ಮೇಲೆ ಬರ್ತಾರೆ.

ಕುಳಿಯ ತಳದಲ್ಲಿ ಬಿಟ್ಟಿನ ಗುಂಡಿ ಗುಂಡಿ ಉಳಿದಿರುತ್ತದೆ. ಚೆಂದ ಮಾಡೋಕೆ ಹೋಗಬೇಡಿ, ಅದು ಯಾರಿಗೂ ಕಾಣೋದಿಲ್ಲ. ಸಡಿಲ ಚಕ್ಕೆ ಮಾತ್ರ ಕೆರೆದು ತೆಗೆಯಿರಿ, ಇಲ್ಲದಿದ್ದರೆ ನಾಲಿಗೆ ತಳ ಮುಟ್ಟಿ ಭುಜ ಕೂರೋದಿಲ್ಲ. ಅಂಟಿಲ್ಲದೆ ಒಮ್ಮೆ ಇಡೀ ಸ್ಟೂಲ್ ಜೋಡಿಸಿ, ನೆಲದ ಮೇಲಿಟ್ಟು ಕುಂಟುತ್ತದಾ ನೋಡಿ. ಫೆವಿಕಾಲ್ ಹಚ್ಚೋದು ಕುಳಿಯ ಗೋಡೆಗೆ ಜಾಸ್ತಿ, ನಾಲಿಗೆಗೆ ತೆಳುವಾಗಿ. ಮೊದಲು ಎದುರುಬದುರಿನ ಎರಡು ಚೌಕಟ್ಟು ಅಂಟಿಸಿ ಒಣಗಲು ಬಿಡಿ, ಮಾರನೇ ದಿನ ಉಳಿದ ನಾಲ್ಕು ಪಟ್ಟಿ. ಎಲ್ಲ ಒಟ್ಟಿಗೆ ಮಾಡೋಕೆ ಹೋದರೆ ಕ್ಲ್ಯಾಂಪೂ ಸಾಲೋದಿಲ್ಲ, ಕೈಯೂ ಸಾಲೋದಿಲ್ಲ.

ಕೆಲಸ ಮುಗಿದ ಮೇಲೆ ಉಳಿಯನ್ನು ಮಶೀನಿನಲ್ಲೇ ಬಿಡಬೇಡಿ. ಬಿಚ್ಚಿ, ಒಳಗೆ ಅಂಟಿದ ಚಕ್ಕೆಯನ್ನು ತಂತಿಯಿಂದ ತಳ್ಳಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡಿ. ಮುಂದಿನ ಸಲ ಕೊರೆಯುವ ಮುಂಚೆ ಆ ಎಣ್ಣೆ ಒರೆಸೋದು ಮರೀಬೇಡಿ. ಬಾಲ್ಕನಿಯ ಮಶೀನಿಗೆ ಜೂನಿನಿಂದ ಸೆಪ್ಟೆಂಬರ್ ತನಕ ತುಕ್ಕೇ ಶತ್ರು, ಬೀಡು ಕಬ್ಬಿಣದ ಮೇಜು ಒಂದು ರಾತ್ರಿಯ ಎರಚಲಿಗೇ ಕೆಂಪಾಗುತ್ತದೆ. ನಾನು ಮೇಜಿಗೆ ಮೇಣ ತಿಕ್ಕಿ, ಮೇಲೆ ಅಪ್ಪನ ಹಳೇ ಧೋತರ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಕ್ತೀನಿ. ಬರೀ ಪ್ಲಾಸ್ಟಿಕ್ ಹಾಕಿದರೆ ಒಳಗೇ ಬೆವರಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.